ಕ್ಯಾಮೆರಾ ಕಾಣದ ಮಣ್ಣು

ಶರದೃತು ಬಂತೆಂದರೆ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯ ಹೂವುಗಳನ್ನು ಸೆರೆಹಿಡಿಯಲು ಕ್ಯಾಮೆರಾ ಹೊತ್ತವರು ಸಾಲುಗಟ್ಟುತ್ತಾರೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ಚಿತ್ರ ತೆಗೆಯುವುದು ತಪ್ಪಲ್ಲ. ಕಾಲಿಡುವುದು ಎಲ್ಲಿ ಎಂಬುದೇ ಪ್ರಶ್ನೆ.

ಅಲ್ಲಿ ಜಂಬಿಟ್ಟಿಗೆ ಬಂಡೆಯ ಮೇಲಿರುವುದು ತೆಳುವಾದ ಮಣ್ಣಿನ ಪದರ. ಸಾರಜನಕದ ಕೊರತೆಯಿಂದ ಕೀಟಗಳನ್ನು ಹಿಡಿದು ಬದುಕುವ ಗಿಡಗಳೂ ಅಲ್ಲಿವೆ. ಬಹುಪಾಲು ಸಸ್ಯಗಳು ಮುಂಗಾರಿನಲ್ಲಿ ಮೊಳೆತು, ಹೂಬಿಟ್ಟು, ನೆಲ ಒಣಗುವ ಮುನ್ನ ಬೀಜ ಉದುರಿಸಬೇಕು. ಹೂವಿನ ನಡುವೆ ಕುಳಿತು ತೆಗೆಸಿಕೊಳ್ಳುವ ಒಂದು ಚಿತ್ರಕ್ಕೆ ಮುಂದಿನ ವರ್ಷದ ಬೀಜವೇ ಬೆಲೆ. ತುಳಿತಕ್ಕೆ ಸಿಕ್ಕಿದ ಹಸಿ ಮಣ್ಣು ಗಟ್ಟಿಯಾಗಿ, ನೀರನ್ನೂ ಬೇರನ್ನೂ ಒಳಗೆ ಬಿಡದು.

ಇದು ಪರರಾಜ್ಯದ ಕಥೆಯೆಂದು ತೇರದಾಳದ ವಿದ್ಯಾರ್ಥಿಗಳು ಭಾವಿಸಬಾರದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರವೂ ಅದೇ ಸಾತಾರಾ ಜಿಲ್ಲೆಯದು. ಆ ಬೆಟ್ಟಗಳ ಮೇಲೆ ಸುರಿದ ಮಳೆಯೇ ಹಿಪ್ಪರಗಿ ಬ್ಯಾರೇಜು ತಲುಪಿ ನಿಮ್ಮ ಕಬ್ಬನ್ನು ಬೆಳೆಸುತ್ತದೆ. 2019ರ ಆಗಸ್ಟಿನಲ್ಲಿ ನೆರೆಯಾಗಿ ಹರಿದು ಬಂದುದೂ ಅದೇ ಮಳೆಯ ನೀರು. ನೀರನ್ನು ಹಿಡಿದು ನಿಧಾನವಾಗಿ ಬಿಡುವ ಮಣ್ಣು ಮೇಲೆ ಉಳಿದರೆ ಕೆಳಗಿನವರಿಗೂ ಕ್ಷೇಮ.

ಕಾಸ್‌ನಲ್ಲಿ ಸುತ್ತಲಿನ ಹಳ್ಳಿಗರ ಸಮಿತಿಗಳು ಅರಣ್ಯ ಇಲಾಖೆಯೊಡನೆ ಸೇರಿ ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕಿ, ಶುಲ್ಕ ಪಡೆದು ಕಾವಲು ನಡೆಸಿವೆ. ನಮ್ಮ ಬೆಟ್ಟದ ಹಳ್ಳಿಗಳಿಗೂ ಆ ಅಧಿಕಾರ ದೊರೆಯಬೇಕು. ಎಷ್ಟು ಮಂದಿ ಬರಬೇಕು, ಯಾವ ಹಾದಿಯಲ್ಲಿ ನಡೆಯಬೇಕು ಎಂಬುದನ್ನು ಗ್ರಾಮಸಭೆಯೇ ನಿರ್ಧರಿಸಲಿ. ಬರುವವರು ಊರಿನವರೊಬ್ಬರನ್ನು ದಾರಿ ತೋರಲು ಕರೆದುಕೊಂಡು, ತಕ್ಕ ಕೂಲಿ ಕೊಟ್ಟು, ಕಾಲುದಾರಿ ಬಿಡದೆ ನಡೆಯಲಿ. ಅಂಗಳದಲ್ಲಿ ಕುಳಿತ ಅಜ್ಜಿಯ ಚಿತ್ರಕ್ಕೂ ಮೊದಲು ಒಪ್ಪಿಗೆ ಕೇಳಲಿ.