ಭೂವಿಜ್ಞಾನಿ ಎಂದರೆ ಯಾರು?



ಶಿಲೆ, ಖನಿಜ, ಬೆಟ್ಟಗಳ ಹುಟ್ಟು, ನೆಲದ ಕುಸಿತ, ಅಂತರ್ಜಲದ ಇರವು ಇವುಗಳನ್ನೆಲ್ಲ ಅಧ್ಯಯನ ಮಾಡುವ ವ್ಯಕ್ತಿಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಜಿಯಾಲಜಿಸ್ಟ್ ಎಂಬ ಒಂದು ಪದಕ್ಕೆ ಭೂಗರ್ಭಶಾಸ್ತ್ರಜ್ಞ, ಭೂಶಾಸ್ತ್ರಜ್ಞ, ಭೂವಿಜ್ಞಾನಿ, ಭೂವೈಜ್ಞಾನಿಕ ಎಂದು ನಮ್ಮಲ್ಲಿ ನಾಲ್ಕು ಪದಗಳು ಓಡಾಡುತ್ತಿವೆ. ಪದ ಯಾವುದಾದರೇನು ಮೇಷ್ಟ್ರೇ, ಅರ್ಥವಾದರೆ ಸಾಲದೇ ಎಂದು ನೀವು ಕೇಳಬಹುದು. ಅರ್ಥವಾಗುತ್ತಿಲ್ಲವೆಂಬುದೇ ನನ್ನ ತಕರಾರು.

ಮೊದಲು ಭೂಗರ್ಭಶಾಸ್ತ್ರಜ್ಞ. ಕೇಳಲು ಗಂಭೀರವಾದ ಪದ. ನಮ್ಮ ತಲೆಮಾರಿನವರು ಬಳಸಿದ್ದೂ ಇದನ್ನೇ. ಆದರೆ ‘ಗರ್ಭ’ ಎಂದೊಡನೆ ಕೇಳಿದವರ ಮನಸ್ಸು ಪಾತಾಳಕ್ಕಿಳಿಯುತ್ತದೆ. ನೆಲದೊಳಗೆ ಹುದುಗಿರುವ ಚಿನ್ನವನ್ನೋ ನೀರನ್ನೋ ಕಂಡು ಹೇಳುವವನು ಎಂಬ ಚಿತ್ರ ಮೂಡುತ್ತದೆ. ವಾಸ್ತವದಲ್ಲಿ ಅವನ ಕೆಲಸದ ಬಹುಪಾಲು ನೆಲದ ಮೇಲೆಯೇ ನಡೆಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಬಂಡೆಯನ್ನು ನೀವೆಲ್ಲ ಹತ್ತಿದ್ದೀರಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಶಿಲೆ ರೂಪುಗೊಂಡದ್ದು ಆಳದಲ್ಲಿಯೇ ಹೌದು. ಇಂದು ಮಾತ್ರ ಅದು ಬಿಸಿಲಿಗೆ ಮೈಯೊಡ್ಡಿ ಮಲಗಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವನ್ನು ಓದಿದವರಿಗಿಂತ ಅದರ ಮೇಲೆ ಕುಳಿತು ಕಡಲೆಕಾಯಿ ತಿಂದವರೇ ಹೆಚ್ಚು.

ಈ ‘ಗರ್ಭ’ದಿಂದ ಆಗುವ ಕೇಡು ಬರಿಯ ಭಾಷೆಯದಲ್ಲ. ನಮ್ಮ ಬಂಧುವೊಬ್ಬರು ತೋಟಕ್ಕೆ ಕೊಳವೆಬಾವಿ ತೋಡಿಸಿದರು. ಮೊದಲನೆಯದರಲ್ಲಿ ಧೂಳು, ಎರಡನೆಯದರಲ್ಲೂ ಧೂಳು. ಸಾಲ ಬೆಳೆಯಿತು. ‘ಭೂಗರ್ಭಶಾಸ್ತ್ರದವರನ್ನೇ ಕರೆಸಿ ತೋರಿಸಿದ್ದೆವು’ ಎಂದು ಅವರು ಹೇಳಿದಾಗ ನಾನು ವಿಚಾರಿಸಿದೆ. ಬಂದಿದ್ದಾತ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವನ್ನು ಸುತ್ತಿದವನು. ಅವನ ಕಾರ್ಡಿನಲ್ಲಿ ‘ಭೂಗರ್ಭ ಜಲಶಾಸ್ತ್ರಜ್ಞ’ ಎಂದು ಅಚ್ಚಾಗಿತ್ತು! ನಿಜವಾದ ಭೂವಿಜ್ಞಾನಿಯು ನೆಲಕ್ಕೆ ವಿದ್ಯುತ್ತನ್ನು ಹರಿಸಿ, ಬೇರೆಬೇರೆ ಆಳಗಳಲ್ಲಿ ಅದಕ್ಕೆ ಎದುರಾಗುವ ರೋಧವನ್ನು ಅಳೆಯುತ್ತಾನೆ. ನಮ್ಮ ಬಯಲುಸೀಮೆಯ ಗಟ್ಟಿಶಿಲೆಯಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಿರುಕುಗಳಲ್ಲಿ. ನೀರು ತುಂಬಿದ ಬಿರುಕಿನ ಶಿಲೆಯಲ್ಲಿ ರೋಧ ಕಡಿಮೆ. ಇದೂ ತಪ್ಪಬಹುದು, ಆದರೆ ತಪ್ಪಿದ್ದು ಏಕೆಂದು ಅವನು ಹೇಳಬಲ್ಲ. ತೆಂಗಿನಕಾಯಿ ಹೇಳಲಾರದು.

‘ಶಾಸ್ತ್ರ’ದ ಬಗ್ಗೆಯೂ ಒಂದು ಮಾತು. ಭೌತಶಾಸ್ತ್ರ, ರಸಾಯನಶಾಸ್ತ್ರ ಎಂದು ಮೂರು ದಶಕ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ಪದದ ಮೇಲೆ ನನಗೆ ಮುನಿಸಿಲ್ಲ. ಆದರೆ ನೆಲಕ್ಕೆ ಸಂಬಂಧಿಸಿದಲ್ಲಿ ವಾಸ್ತುಶಾಸ್ತ್ರ ಈಗಾಗಲೇ ಅಂಗಳದಲ್ಲಿ ಕುಳಿತುಬಿಟ್ಟಿದೆ. ಅದರ ಪಕ್ಕದಲ್ಲಿ ಭೂಶಾಸ್ತ್ರವನ್ನೂ ಕೂರಿಸಿದರೆ ಹಳ್ಳಿಯವರಿಗೆ ಎರಡೂ ಒಂದೇ ಪಂಕ್ತಿಯವೆಂದು ತೋರುವುದರಲ್ಲಿ ಆಶ್ಚರ್ಯವೇನಿದೆ? ಭೂವಿಜ್ಞಾನಿ ಎಂಬಲ್ಲಿ ಆ ಗೊಂದಲವಿಲ್ಲ. ಮೇಲಾಗಿ ಈ ಪದ ಸ್ತ್ರೀಪುರುಷರಿಬ್ಬರಿಗೂ ಒಪ್ಪುತ್ತದೆ. ಶಾಸ್ತ್ರಜ್ಞ, ಶಾಸ್ತ್ರಜ್ಞೆ ಎಂದು ತಡಕಾಡಬೇಕಿಲ್ಲ.

ಇನ್ನು ‘ಭೂವೈಜ್ಞಾನಿಕರು ಭೇಟಿ ನೀಡಿದರು’ ಎಂಬ ಬರಹ. ಇದು ಹಿಂದಿಯ ನೆರಳು. ಹಿಂದಿಯಲ್ಲಿ ವೈಜ್ಞಾನಿಕ ಎಂದರೆ ವಿಜ್ಞಾನಿ ಎಂದೂ ಆಗುತ್ತದೆ. ಕನ್ನಡದಲ್ಲಿ ಅದು ವಿಶೇಷಣ. ವೈಜ್ಞಾನಿಕ ಮನೋಭಾವ ಉಂಟು, ವೈಜ್ಞಾನಿಕರು ಇಲ್ಲ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಎಂಬ ಸಂಸ್ಥೆಯ ಹೆಸರಿನಲ್ಲಿ ಅದು ವಿಶೇಷಣವಾಗಿಯೇ ಇರುವುದರಿಂದ ದೋಷವಿಲ್ಲ. ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ‘ಹಿರಿಯ ಭೂವಿಜ್ಞಾನಿ’ ಎಂದೇ ಬರೆಯುತ್ತಾರೆ. ಸರಕಾರಿ ಕನ್ನಡವನ್ನು ಹೊಗಳುವ ಅವಕಾಶ ಅಪರೂಪ, ಬಿಡಲಾರೆ. ಈ ಇಲಾಖೆಯ ಬೇರು ಮೈಸೂರು ಸಂಸ್ಥಾನ 1894ರಲ್ಲಿ ಸ್ಥಾಪಿಸಿದ ಭೂವಿಜ್ಞಾನ ಇಲಾಖೆಯಲ್ಲಿದೆ. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಧಾರವಾಡದ ಹೆಸರನ್ನು ಪ್ರಪಂಚದ ಶಿಲೆಗಳ ಪಟ್ಟಿಗೆ ಸೇರಿಸಿದವರೂ ಅವರೇ.

ಹಾಗೆಂದು ಭೂವಿಜ್ಞಾನಿ ಎಂಬುದು ತೊಡಕಿಲ್ಲದ ಪದವೇನಲ್ಲ. 2006ರಲ್ಲಿ ಕೇಂದ್ರದಲ್ಲಿ ಭೂ ವಿಜ್ಞಾನ ಸಚಿವಾಲಯ ರೂಪುಗೊಂಡಿತು. ಅದರ ಕೈಕೆಳಗೆ ಇರುವುದು ಹವಾಮಾನ, ಸಾಗರ, ಭೂಕಂಪಗಳ ಅಧ್ಯಯನ. ಶಿಲೆಗಳ ಸರ್ವೇಕ್ಷಣವಾದರೋ ಗಣಿ ಸಚಿವಾಲಯದಲ್ಲಿದೆ. ಹಾಗಾಗಿ ಮಳೆಯ ಮುನ್ಸೂಚನೆ ಕೊಡುವವರೂ ಭೂವಿಜ್ಞಾನಿಗಳೇ, ಬಂಡೆಯನ್ನು ಸುತ್ತಿಗೆಯಿಂದ ಕುಟ್ಟಿ ನೋಡುವವರೂ ಭೂವಿಜ್ಞಾನಿಗಳೇ.

ಇದಕ್ಕೆ ಪರಿಹಾರ ಪತ್ರಕರ್ತರ ಕೈಯಲ್ಲಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗಲೂ ‘ತಜ್ಞರು ಹೇಳಿದ್ದಾರೆ’ ಎಂಬ ವಾಕ್ಯವನ್ನು ಎಷ್ಟು ಸಲ ಓದಿದೆವು! ಯಾವ ತಜ್ಞರು? ಎಷ್ಟು ಮಳೆ ಬರುವುದೆಂದು ಹೇಳುವವರು ಹವಾಮಾನ ತಜ್ಞರು. ಇಳಿಜಾರಿನ ಬುಡವನ್ನು ಕಡಿದಾಗಿ ಕತ್ತರಿಸಿದರೆ, ಮೇಲಿನ ಸಡಿಲ ಮಣ್ಣು ನೀರು ಕುಡಿದು ಭಾರವಾದಾಗ ಏನಾಗುವುದೆಂದು ಹೇಳುವವರು ಭೂವಿಜ್ಞಾನಿಗಳು. ರಸ್ತೆ ಕಡಿಯುವ ಮೊದಲು ಕೇಳಬೇಕಾದವರು ಈ ಎರಡನೆಯವರು. ಅವರಿಗೆ ಸ್ಪಷ್ಟವಾದ ಹೆಸರಿಲ್ಲದಿದ್ದರೆ ‘ಅವರನ್ನು ಕೇಳಿದಿರಾ?’ ಎಂದು ಊರಿನವರು ಪ್ರಶ್ನಿಸುವುದಾದರೂ ಹೇಗೆ?

ಒಂದು ಕೋರಿಕೆ. ಶಾಸ್ತ್ರೀಯ ಪದಗಳು ಬರುವ ಮೊದಲೇ ನಮ್ಮ ಜನ ಕಲ್ಲುಗಳಿಗೆ ಹೆಸರಿಟ್ಟಿದ್ದರು. ಅಭ್ರಕಕ್ಕೆ ಕಾಗೆಬಂಗಾರ, ಬೇಲೂರು ಹಳೇಬೀಡುಗಳ ಶಿಲ್ಪಕ್ಕೊದಗಿದ ಮೆದುಶಿಲೆಗೆ ಬಳಪದ ಕಲ್ಲು, ಹೊಲದಲ್ಲಿ ಹೊಳೆಯುವ ಬಿಳಿಗಲ್ಲಿಗೆ ಬೆಣಚುಕಲ್ಲು, ಕರಾವಳಿಯ ಮನೆಗೋಡೆಗೆ ಮುರಕಲ್ಲು, ಅದಕ್ಕೇ ಜಂಬಿಟ್ಟಿಗೆ ಎಂದೂ ಹೆಸರು. ನಿಮ್ಮ ಊರಿನ ಕಡೆ ಇಂಥ ಹೆಸರುಗಳಿದ್ದರೆ, ಮನೆಯ ಹಿರಿಯರನ್ನು ಕೇಳಿ, ಕಲ್ಲಿನ ಬಣ್ಣ ಮತ್ತು ಗುಣದ ವಿವರದೊಡನೆ ನನಗೆ ಬರೆದು ಕಳುಹಿಸಿ.