ರೈತನಿಗೂ ರಿಟೈರ್ಮೆಂಟ್ ಬೇಕು, ಅದಕ್ಕೆ ಹಳೇ 100 ಸಿಸಿ ಗಾಡಿ ಸಾಕು

ಇವತ್ತು ಅಡಿಕೆ ರೇಟೂ ಇಲ್ಲ, ಈರುಳ್ಳಿ ರೋಗವೂ ಇಲ್ಲ. ಬೇರೆ ವಿಷಯ. ಸ್ವಲ್ಪ ಖಾರ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಮೇಷ್ಟ್ರಿಗೆ 60ಕ್ಕೆ ರಿಟೈರ್ಮೆಂಟ್. ಹಾರ ಹಾಕಿ ಕಳಿಸ್ತಾರೆ, ಅವರು ಕಾಶಿ ರಾಮೇಶ್ವರ ನೋಡಿ ಬರ್ತಾರೆ. ನಮಗೆ? 2019ರಲ್ಲಿ ಕೇಂದ್ರ ಸರ್ಕಾರ ಕಿಸಾನ್ ಮಾನ್‌ಧನ್ ಅಂತ ಪಿಂಚಣಿ ಯೋಜನೆ ತಂತು, 60 ಆದಮೇಲೆ ತಿಂಗಳಿಗೆ 3000 ರೂಪಾಯಿ. ಸೇರೋ ವಯಸ್ಸು 18ರಿಂದ 40. ಆಗಲೇ 40 ದಾಟಿದ್ದ ನಮ್ಮಂಥವರಿಗೆ ಬಾಗಿಲು ಮುಚ್ಚಿತ್ತು. ಅಂದ್ರೆ ನಮ್ಮ ರಿಟೈರ್ಮೆಂಟ್ ನಾವೇ ಮಾಡ್ಕೋಬೇಕು. ಯಾರೂ ಹಾರ ಹಾಕಲ್ಲ.

"ರೈತನಿಗೆ ಎಂಥಾ ರಿಟೈರ್ಮೆಂಟ್, ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಹೋಗೋದು" ಅಂತ ಭಾಷಣ ಮಾಡೋರಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅದರ ಅರ್ಥ ಏನು ಗೊತ್ತಾ? 35 ವರ್ಷದ ಮಗನ ಕೈಗೆ ಮೋಟಾರ್ ಸ್ಟಾರ್ಟರ್ ಕೊಡದೆ, 65ರ ಅಪ್ಪ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕಾಯ್ತಾ ಕೂರೋದು. ಮಗ ಕಲಿಯಲ್ಲ, ಅಪ್ಪ ಬಿಡಲ್ಲ. ಕೊನೆಗೆ ಮಗ ಬೆಂಗಳೂರಿನ ರೈಲು ಹತ್ತುತಾನೆ, ನಾವು "ಈಗಿನ ಹುಡುಗರು" ಅಂತ ಗೊಣಗ್ತೀವಿ. ವರ್ಷಕ್ಕೆ ಹದಿನೈದು ದಿನ ನಾವು ಊರಲ್ಲಿ ಇರಬಾರದು. ಅದು ತೋಟಕ್ಕೂ ಒಳ್ಳೇದು.

ಊರು ಬಿಟ್ಟು ಹೋಗೋದು ಯಾವುದರಲ್ಲಿ? ಇಲ್ಲಿಂದ ನನ್ನ ಜಗಳ ಶುರು.

ಅಡಿಕೆಗೆ ನಾಲ್ಕು ಕಾಸು ಬಂದ ವರ್ಷ ಬುಲೆಟ್ ತರೋ ಚಟ ನಮ್ಮಲ್ಲಿ ಬಂದಿದೆ. ಲಕ್ಷಗಟ್ಟಲೆ ಬೆಲೆ, ಅದಕ್ಕೆ ಕಂತು. ರೇಟು ಇಳಿದ ವರ್ಷ ಕಂತು ಇಳಿಯುತ್ತಾ? ಗಾಡಿ ತೂಕ 190 ಕೆ.ಜಿ. ಮೇಲೆ. ಕೆಮ್ಮಣ್ಣುಗುಂಡಿ ತಿರುವಲ್ಲಿ, ಮಳೆ ಬಿದ್ದ ರಸ್ತೆಲಿ, ನಿಂತಲ್ಲೇ ವಾಲಿದ್ರೆ 60 ವರ್ಷದ ಸೊಂಟ ಎತ್ತುತ್ತಾ? ಸ್ಪ್ಲೆಂಡರ್ 110 ಕೆ.ಜಿ. ಆಸುಪಾಸು. ಎರಡು ಮೂಟೆ ಭಾರದ ಲೆಕ್ಕ ಎಲ್ಲರಿಗೂ ಗೊತ್ತು.

ಇನ್ನೊಂದು ಗುಂಪು ಯಮಹಾ ಆರ್‌ಎಕ್ಸ್ 100 ಹಿಂದೆ ಬಿದ್ದಿದೆ, ಇಲ್ಲಾಂದ್ರೆ ಮೈಸೂರಿನ ಯೆಜ್ಡಿ. ಎರಡೂ 1996ರಲ್ಲೇ ನಿಂತುಹೋದವು. ನಮ್ಮ ಹರೆಯದ ಗಾಡಿಗಳು, ಆಸೆ ನನಗೂ ಇದೆ. ಆದರೆ ಚೆನ್ನಾಗಿರೋ ಆರ್‌ಎಕ್ಸ್‌ಗೆ ಲಕ್ಷದ ಹತ್ರ ಕೇಳ್ತಾರೆ. ದೂರದೂರಲ್ಲಿ ಕೆಟ್ಟರೆ ಸಾಮಾನು ಹುಡುಕಬೇಕು. ಅದು ಶೋಕಿ, ಪ್ರವಾಸ ಅಲ್ಲ.

1994ರಿಂದ ಬಂದ ಸ್ಪ್ಲೆಂಡರ್, ಅದೇ ಜಾತಿಯ 100 ಸಿಸಿ ಗಾಡಿಗಳು, ಹತ್ತು ಹನ್ನೆರಡು ವರ್ಷ ಹಳೇದು ನಮ್ಮ ಕಡೆ 25-30 ಸಾವಿರಕ್ಕೆ ಸಿಗುತ್ತೆ. ಯಾವ ಹಳ್ಳಿ ಮೆಕ್ಯಾನಿಕ್ ಕೇಳಿದ್ರೂ ಬಿಚ್ಚಿ ಜೋಡಿಸ್ತಾನೆ. 50ರ ವೇಗದಲ್ಲಿ ಹೋದರೆ ಲೀಟರಿಗೆ 60 ಕಿ.ಮೀ.ಗೆ ಮೋಸ ಇಲ್ಲ. ನಿಧಾನ ಅಂತೀರಾ? ನಮಗೇನು ಆಫೀಸಿಗೆ ಲೇಟಾಗುತ್ತಾ?

ತಗೊಳ್ಳೋವಾಗ ಇಷ್ಟು ನೋಡಿ. ಬೆಳಿಗ್ಗೆ ಹೋಗಿ, ಮೊದಲು ಇಂಜಿನ್ ಮುಟ್ಟಿ. ಬಿಸಿ ಇದ್ರೆ ಮಾರೋನು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಅಂತ ಅರ್ಥ. ತಣ್ಣಗಿದ್ದಾಗ ಒಂದೆರಡು ಕಿಕ್ಕಿಗೆ ಏಳಬೇಕು. ನೀಲಿ ಹೊಗೆ ಬಂದ್ರೆ ಆಯಿಲ್ ಕುಡೀತಿದೆ, ಬಿಡಿ. ಛಾಸಿ ನಂಬರು ಆರ್‌ಸಿಗೆ ತಾಳೆ ಹಾಕಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ರೆ ತೆಗೆಸಿಕೊಡು ಅನ್ನಿ. 15 ವರ್ಷ ತುಂಬಿದ ಗಾಡಿಗೆ ಎಫ್‌ಸಿ ಆಗಿ ಮುಂದಿನ 5 ವರ್ಷಕ್ಕೆ ಆರ್‌ಸಿ ನವೀಕರಣ ಆಗಿರಬೇಕು. ಫಾರಂ 29, 30ಕ್ಕೆ ಸಹಿ ಹಾಕಿಸಿ ನಿಮ್ಮ ಹೆಸರಿಗೆ ಮಾಡಿಸಿ. "ನಮ್ಮ ಹುಡುಗನೇ, ಹೆಸರು ಆಮೇಲೆ ನೋಡೋಣ" ಅನ್ನೋದು ಬೇಡ. 55 ದಾಟಿದ ಮೇಲೆ ಡಿಎಲ್ 5 ವರ್ಷಕ್ಕೊಮ್ಮೆ ನವೀಕರಣ. ಇನ್ಶೂರೆನ್ಸ್ ಇಲ್ಲದೆ ಯಾರಿಗಾದ್ರೂ ಗುದ್ದಿದ್ರೆ ಪರಿಹಾರಕ್ಕೆ ಜಮೀನು ಮಾರಬೇಕಾಗುತ್ತೆ. ಇನ್ಶೂರೆನ್ಸ್ ದುಡ್ಡು ಉಳಿಸಿ ಮೂರು ಎಕರೆ ಕಳ್ಕೊಬೇಡಿ.

ತಂದ ಮೇಲೆ ಟೈರು, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ಕೋನ್ ಸೆಟ್ ನೋಡಿಸಿ. ಇದರಲ್ಲಿ ಜಿಪುಣತನ ಬೇಡ. ಈಗಿನ ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ, ಅದು ನೀರು ಎಳ್ಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬೊರೇಟರ್ ಖಾಲಿ ಮಾಡಿ.

"ಹೆಂಗಸರಿಗೆ ಬಸ್ ಫ್ರೀ ಇದೆ, ಅವರು ನೋಡಿ ಬರ್ತಾರೆ, ನಿಮಗ್ಯಾಕೆ" ಅಂದವರೂ ಇದ್ದಾರೆ. 2023ರ ಶಕ್ತಿ ಯೋಜನೆ ಬಂದಮೇಲೆ ನಮ್ಮ ಮನೆಯವರು ಧರ್ಮಸ್ಥಳ, ಶೃಂಗೇರಿ ನೋಡಿ ಬಂದ್ರು. ಸಂತೋಷ. ನಾವೇ ಹಿಂದೆ ಬಿದ್ದಿರೋದು. ಅವರು ಹಿಂದಿನ ಸೀಟಲ್ಲಿ ಬರ್ತೀನಿ ಅಂದ್ರೆ ಸೀರೆ ಗಾರ್ಡು, ಇನ್ನೊಂದು ಹೆಲ್ಮೆಟ್ಟು ಮೊದಲು ತನ್ನಿ.

ದೂರ ಹೋಗಬೇಕು ಅಂತಿಲ್ಲ. ಭದ್ರಾ ನೀರು ನಮ್ಮ ಅಜ್ಜಂಪುರದ ಸುರಂಗ ದಾಟಿ ಮಾರಿಕಣಿವೆಗೆ ಹೋಗ್ತಿದೆ. ಲಕ್ಕವಳ್ಳಿ ಅಣೆಕಟ್ಟಿಂದ ಶುರು ಮಾಡಿ ಆ ನೀರಿನ ದಾರಿ ಹಿಡಿದು ಹೋಗಿ. ದಾರಿಲಿ ತರೀಕೆರೆ ಹತ್ರ ಅಮೃತಾಪುರ, 1196ರ ಹೊಯ್ಸಳರ ಗುಡಿ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ 1933ರ ನಂತರ 2022ರಲ್ಲಿ ಕೋಡಿ ಬಿತ್ತು. ನೀರಿಗಾಗಿ ಬೋರ್ ಮೇಲೆ ಬೋರ್ ಕೊರೆಸಿದ ನಾವು ಎಷ್ಟು ಜನ ಹೋಗಿ ನೋಡಿದಿವಿ? ಎಲ್ಲ ಮೊಬೈಲಲ್ಲೇ ನೋಡಿದ್ದು.

ಕೊನೆಗೆ ಉಳಿಯೋದು ಒಂದೇ ಪ್ರಶ್ನೆ, ಮಗ ಇಲ್ಲದವರು, ಮಗ ಪೇಟೆ ಸೇರಿದವರು ಏನು ಮಾಡಬೇಕು? ಕೆಲಸಕ್ಕೆ ಮುಯ್ಯಾಳು ಮಾಡೋರಲ್ವಾ ನಾವು. ತಿರುಗಾಟಕ್ಕೂ ಮುಯ್ಯಿ ಮಾಡೋಣ. ನೀವು ಹೋದ ವಾರ ನಿಮ್ಮ ತೋಟಕ್ಕೆ ನಾನು ನೀರು ಬಿಡ್ತೀನಿ, ನಿಮ್ಮ ದನಕ್ಕೆ ಮೇವು ಹಾಕ್ತೀನಿ. ನಾನು ಹೋದಾಗ ನೀವು. ಶಿವನಿ ಸುತ್ತಮುತ್ತ ಯಾರು ತಯಾರಿದ್ದೀರಿ, ಕೆಳಗೆ ಹೆಸರು ಬರೀರಿ.