ಅದಿತಿಯ ಮೆಲ್ಲನೆಯ ಹೊಡೆತ

ಬೀದರ ಜಿಲ್ಲೆಯ ಮಕ್ಕಳಿಗೆ ಚಿಣ್ಣಿದಾಂಡು ಗೊತ್ತು. ಗಾಲ್ಫ್ ಕಂಡದ್ದು ಟೀವಿಯಲ್ಲಿ ಮಾತ್ರ. 18 ಕುಳಿಗಳ ಗಾಲ್ಫ್ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ನೆಲ ಬೇಕು. ಔರಾದ, ಭಾಲ್ಕಿಯಲ್ಲಿ ಅಷ್ಟು ನೆಲವಿದ್ದರೆ ರೈತರು ತೊಗರಿ ಬಿತ್ತುತ್ತಾರೆ, ಅದೇ ಸರಿ. ಆದರೆ ಈ ಆಟದ ಅತಿ ಕಠಿಣ ಭಾಗಕ್ಕೆ ಒಂದು ಅಂಗಳದಷ್ಟು ಜಾಗ ಸಾಕು. ಬೆಂಗಳೂರಿನ ಅದಿತಿ ಅಶೋಕ್ ಹೆಸರು ಮಾಡಿದ್ದು ಅಲ್ಲಿಯೇ.

1998ರಲ್ಲಿ ಹುಟ್ಟಿದ ಅದಿತಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಆಟ ಆರಂಭಿಸಿದಾಗ ಅವರಿಗೆ ಐದು ವರ್ಷ. ತಂದೆ ತಾಯಿಗಳಿಗೆ ಆಗ ಗಾಲ್ಫ್ ಬರುತ್ತಿರಲಿಲ್ಲ. ಇದು ದುಬಾರಿ ಆಟ. ಆ ಅನುಕೂಲ ಎಲ್ಲ ಮನೆಗಳಿಗಿಲ್ಲ ಎಂಬುದನ್ನೂ ಹೇಳಬೇಕು.

ಬಹುಮಾನದ ಹಣಕ್ಕಾಗಿ ಆಡದವರು ಹವ್ಯಾಸಿ ಆಟಗಾರರು. ಅದಿತಿ ಶಾಲೆಯ ಓದಿನ ಜೊತೆಗೇ 2012ರಿಂದ 2014ರವರೆಗೆ ಸತತ ಮೂರು ವರ್ಷ ರಾಷ್ಟ್ರೀಯ ಜೂನಿಯರ್ ಚಾಂಪಿಯನ್ ಆದರು. 2015ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿ ಗೆದ್ದರು. 2016ರ ಜನವರಿ 1ರಂದು ವೃತ್ತಿಪರರಾದಾಗ ಅವರಿನ್ನೂ ಹನ್ನೆರಡನೆಯ ತರಗತಿಯ ವಿದ್ಯಾರ್ಥಿನಿ.

ದೂರ ಹೊಡೆಯುವುದು ಅವರ ಬಲವಲ್ಲ. ಕುಳಿಯ ಬಳಿ ಚೆಂಡನ್ನು ಮೆಲ್ಲನೆ ಉರುಳಿಸುವ ‘ಪಟ್ಟಿಂಗ್’ ಅವರ ಬಲ. ಕುಳಿಯ ಅಗಲ ಕೇವಲ 10.8 ಸೆಂಟಿಮೀಟರ್. ಚೆಂಡು ನಿಧಾನವಾದರೆ ನೆಲದ ಇಳಿಜಾರು ಅದನ್ನು ಪಕ್ಕಕ್ಕೆಳೆಯುತ್ತದೆ. ವೇಗ ಹೆಚ್ಚಾದರೆ ಗುರುತ್ವ ಕೆಳಗೆಳೆಯುವಷ್ಟರಲ್ಲಿ ಚೆಂಡು ಕುಳಿಯನ್ನೇ ದಾಟಿರುತ್ತದೆ. ಎಷ್ಟು ವೇಗ, ಯಾವ ದಿಕ್ಕು ಎಂಬ ಲೆಕ್ಕ ಪ್ರತಿ ಸಲವೂ ಹೊಸದು.

ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅದಕ್ಕೆ ಮುಂಚೆ ಕೋವಿಡ್ ಬಂದು ಅದಿತಿಯ ಹೊಡೆತದ ದೂರ ಇನ್ನೂ ಕುಗ್ಗಿತ್ತು. ವಿಶ್ವ ಶ್ರೇಯಾಂಕ 200. ಚೀಲ ಹೊತ್ತು ಜೊತೆಗೆ ನಡೆದವರು ತಾಯಿ ಮಹೇಶ್ವರಿ. ಮೊದಲ ಹೊಡೆತದಲ್ಲಿ ಅಮೆರಿಕದ ನೆಲ್ಲಿ ಕೊರ್ಡಾ ಅವರಿಗಿಂತ ಬಹು ಹಿಂದೆ ಬೀಳುತ್ತಿದ್ದ ಅದಿತಿ, ಕುಳಿಯ ಬಳಿ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದರು. ಮೂರನೆಯ ದಿನ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಭಾರತದಲ್ಲಿ ಗಾಲ್ಫಿನ ನಿಯಮವೇ ತಿಳಿಯದವರೂ ಆಗಸ್ಟ್ 7ರ ಬೆಳಿಗ್ಗೆ ಟೀವಿ ಮುಂದೆ ಕುಳಿತರು.

18ನೆಯ ಕುಳಿಯಲ್ಲಿ ಅದಿತಿ ಉರುಳಿಸಿದ ದೂರದ ಚೆಂಡು ಒಳಗೆ ಬೀಳಲಿಲ್ಲ. ನಾಲ್ಕು ದಿನಗಳಲ್ಲಿ ಅವರ ಹೊಡೆತಗಳು 269. ಕಂಚು ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೊ ಅವರವು 268.